ಅಪ್ಪನಿಗೆ ಕೇಳದ ಸಿಳ್ಳು

ನನಗೆ ಈಗಲೂ ಓಡುವ ಕಾರಿನಲ್ಲಿ ನಿದ್ದೆ ಬರುವುದಿಲ್ಲ. ಭಾನುವಾರ ಗಂಡ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ವಿಶಾಖಪಟ್ಟಣದ ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನಿಂದ ಭೀಮಿಲಿಯ ಕಡಲತೀರದ ಕಡೆ ಹೊರಟರೆ, ಅವರೆಲ್ಲ ಸಮುದ್ರ ನೋಡುತ್ತಾರೆ; ನಾನು ಎಂಜಿನ್ ಕೇಳುತ್ತ ಕೂರುತ್ತೇನೆ. ಹೊಸ ಕಾರು, ಯಾವ ದೂರೂ ಇಲ್ಲ. ಆದರೂ ರಸ್ತೆಯ ಏರಿನಲ್ಲಿ ಅದರ ದನಿ ಒಂದಿಷ್ಟು ಬದಲಾದರೆ ನನ್ನ ಕೈ ತಾನಾಗಿಯೇ ಬಾಗಿಲ ಹಿಡಿಗೆ ಹೋಗುತ್ತದೆ. ಮನೆಯಲ್ಲಿ ಫ್ರಿಜ್ಜು, ಫ್ಯಾನು, ಲಿಫ್ಟು ಎಲ್ಲದರ ದನಿಯೂ ನನಗೆ ಬಾಯಿಪಾಠ. ಹೆದರುಪುಕ್ಕಲಿ ಎಂದು ಮಕ್ಕಳು ತಮಾಷೆ ಮಾಡುತ್ತಾರೆ, ಅದೂ ತೆಲುಗಿನಲ್ಲಿ. ಮಾಡಲಿ. ಈ ಹೆದರಿಕೆಯನ್ನು ನಾನೇನು ಸಂತೆಯಿಂದ ಕೊಂಡು ತಂದವಳಲ್ಲ. ಹುಟ್ಟಿ ಬೆಳೆದ ಮನೆಯಲ್ಲಿ ರೊಟ್ಟಿ ಚಟ್ನಿಯ ಜೊತೆಗೆ ಅದನ್ನೂ ಬಡಿಸಿದ್ದರು.

ನಾವು ಧಾರವಾಡದ ಕಡೆಯವರು. ಅಪ್ಪ ನೌಕಾದಳದಲ್ಲಿದ್ದ. ಬಿಳಿ ಬಟ್ಟೆ ಹಾಕಿಕೊಂಡು ಡೆಕ್ಕಿನ ಮೇಲೆ ಸಲ್ಯೂಟು ಹೊಡೆಯುವ ಕೆಲಸವಲ್ಲ. ಹಡಗಿನ ಹೊಟ್ಟೆಯೊಳಗೆ, ಎಂಜಿನ್ ರೂಮಿನಲ್ಲಿ. ವಿಶಾಖಪಟ್ಟಣದಲ್ಲಿ ನಮಗೆ ಕೊಟ್ಟಿದ್ದ ಕ್ವಾರ್ಟರ್ಸ್ ಎರಡು ಕೋಣೆಯದು. ಮುಂದಿನ ಕೋಣೆಯಲ್ಲಿ ಟೀವಿ, ಅಪ್ಪನ ಹತ್ಯಾರದ ಪೆಟ್ಟಿಗೆ ಮತ್ತು ನನ್ನ ಹಾಸಿಗೆ. ಹಿಂದಿನದರಲ್ಲಿ ಅವ್ವನ ಟ್ರಂಕುಗಳು. ಅಡುಗೆಮನೆಯ ಪಕ್ಕದ ಬಾಲ್ಕನಿಯಲ್ಲಿ ನಿಂತರೆ ಬಂದರಿನ ಕ್ರೇನುಗಳು ಕಾಣುತ್ತಿದ್ದವು, ಉಪ್ಪುಗಾಳಿಗೆ ಕಿಟಕಿಯ ಸರಳುಗಳು ವರ್ಷ ತುಂಬುವುದರೊಳಗೆ ತುಕ್ಕು ಹಿಡಿಯುತ್ತಿದ್ದವು. ಊರಿಂದ ಬಂದ ಜೋಳ ತೀರಿದರೆ ಅವ್ವನ ಮುಖವೇ ಕಳೆಗೆಡುತ್ತಿತ್ತು. ನಾನು ಕೆಳಗಿನ ಮಕ್ಕಳ ಜೊತೆ ದಿನವಿಡೀ ತೆಲುಗಿನಲ್ಲಿ ಕುಣಿದು, ಹೊಸ್ತಿಲು ದಾಟಿದೊಡನೆ ಕನ್ನಡಕ್ಕೆ ಹೊರಳುತ್ತಿದ್ದೆ. ಒಮ್ಮೊಮ್ಮೆ ಮರೆತು, ತೆಲುಗಿನ ಹೆಂಡತಿಯರು ಗಂಡನನ್ನು ಕರೆಯುವ ಹಾಗೆ, ಅಪ್ಪನಿಗೆ "ಏಮಂಡಿ" ಎಂದುಬಿಟ್ಟರೆ ಅವ್ವ ಲಟ್ಟಣಿಗೆ ತೋರಿಸುತ್ತಿದ್ದಳು.

ಆ ಮನೆಯಲ್ಲಿ ಆಡಬಾರದ ಮಾತು ಒಂದೇ ಇತ್ತು. ಅಪ್ಪನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂಬ ಮಾತು. ವರ್ಷಗಟ್ಟಲೆ ಎಂಜಿನ್ನುಗಳ ಆರ್ಭಟದಲ್ಲಿ ಕೆಲಸ ಮಾಡಿ ಅವನ ಕಿವಿಯಿಂದ ಸಣ್ಣ ದನಿಗಳು ಒಂದೊಂದಾಗಿ ಜಾರಿಹೋಗಿದ್ದವು. ದಪ್ಪ ದನಿಯೆಲ್ಲ ಕೇಳುತ್ತಿತ್ತು: ಲಾರಿ, ಗುಡುಗು, ಹಡಗಿನ ಕಹಳೆ, ಪಕ್ಕದ ಮನೆಯ ಅಂಕಲ್ಲಿನ ಗೊರಕೆ ಕೂಡ. ಆದರೆ ನಮ್ಮ ಬಾಗಿಲ ಬೆಲ್ಲು ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುವಂಥದು. ಅದಕ್ಕೆ ಅಪ್ಪ ಒಮ್ಮೆಯೂ ಎದ್ದು ಬಾಗಿಲು ತೆರೆದವನಲ್ಲ. ದಣಿದಿದ್ದಾನೆ ಎಂದು ಅವ್ವ ಬಂದವರಿಗೆ ಹೇಳುತ್ತಿದ್ದಳು. ಊಟಕ್ಕೆ ಕುಳಿತಾಗ ಗೋಡೆಗೆ ಬೆನ್ನು ಹಚ್ಚಿದ ಜಾಗ ಅವನದು, ಅಲ್ಲಿಂದ ಎಲ್ಲರ ಮುಖ ಕಾಣುತ್ತಿತ್ತು. ಮಾತಾಡುವಾಗ ಅಪ್ಪನ ಮುಖ ನೋಡಿಯೇ ಮಾತಾಡಬೇಕು, ದೊಡ್ಡವರಿಗೆ ಅದು ಮರ್ಯಾದೆ ಎಂದು ಅವ್ವ ನನಗೆ ಕಲಿಸಿದ್ದಳು. ಅದು ಮರ್ಯಾದೆಯಲ್ಲ, ಅವನು ನನ್ನ ತುಟಿ ನೋಡಲಿ ಎಂಬ ಉಪಾಯ ಎಂದು ತಿಳಿಯುವಷ್ಟು ನಾನು ದೊಡ್ಡವಳಾದದ್ದು ಎಂದೋ ನೆನಪಿಲ್ಲ. ತಿಳಿದ ಮೇಲೂ ಬಾಯಿ ಬಿಡಲಿಲ್ಲ. ಒಂದು ಸಂಜೆ ಬಾಲ್ಕನಿಯಲ್ಲಿ ಕುಳಿತು ನಾವು ಮೂವರೂ ಸೊಳ್ಳೆ ಹೊಡೆಯುತ್ತಿದ್ದಾಗ ಅಪ್ಪ ನಕ್ಕು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

"ನಮ್ಮೂರ ಗುಂಗಾಡ ಎಷ್ಟ್ ಹಾಡ್ತಿದ್ವು! ಈ ಊರಾಗಿನವು ಕಳ್ಳ ಅದಾವ ನೋಡು, ಸಪ್ಪಳಿಲ್ಲದ ಬಂದು ಕಡೀತಾವ."

ನಾನು ನಕ್ಕೆ. ಅವ್ವ ನಗಲಿಲ್ಲ, ಎದ್ದು ಒಳಗೆ ಹೋದಳು. ಸೊಳ್ಳೆಗಳು ನನ್ನ ಕಿವಿಯ ಸುತ್ತ ಜೋರಾಗಿಯೇ ಹಾಡುತ್ತಿದ್ದವು. ಅಪ್ಪನಿಗೆ ತನ್ನ ಕಿವಿಯ ವಿಷಯ ಗೊತ್ತಿದೆಯೋ, ಗೊತ್ತಿದ್ದೂ ನಟಿಸುತ್ತಿದ್ದಾನೋ ಎಂಬುದು ನನಗೂ ಅವ್ವನಿಗೂ ಬಗೆಹರಿಯದ ಪ್ರಶ್ನೆಯಾಗಿತ್ತು. ಕೇಳುವ ಧೈರ್ಯ ಯಾರಿಗಿತ್ತು? ಕೆಳಗಿನ ಮನೆಯ ಒಡಿಯಾ ಅಂಕಲ್ಲಿಗೆ ತಪಾಸಣೆಯಲ್ಲಿ ಕಿವಿ ಮಂದ ಎಂದು ಬರೆದ ಮೇಲೆ ಎಂಜಿನ್ ರೂಮಿಗೆ ಇಳಿಯುವುದನ್ನೇ ಬಿಡಿಸಿ ದಡದ ಮೇಲಿನ ಉಗ್ರಾಣಕ್ಕೆ ಹಾಕಿದ್ದರು. ಆಳು ಗಟ್ಟಿಮುಟ್ಟಾಗಿದ್ದವನು ಸಂಜೆ ಹೊತ್ತು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದ, ಹೆಂಡತಿ ಕರೆದರೂ ಏಳುತ್ತಿರಲಿಲ್ಲ. ಅಪ್ಪನಿಗೂ ಮುಂದಿನ ಅವಧಿಯ ಮೈತಪಾಸಣೆ ಹತ್ತಿರ ಬಂದಿತ್ತು. ಎಂಜಿನ್ ಬಿಟ್ಟರೆ ಅಪ್ಪನಿಗೆ ಬೇರೆ ಪ್ರಪಂಚವೇ ಇರಲಿಲ್ಲ. ಉಗ್ರಾಣದಲ್ಲಿ ಕುಳಿತ ಅಪ್ಪನನ್ನು ಕಣ್ಣ ಮುಂದೆ ತಂದುಕೊಳ್ಳಲೂ ನನಗೆ ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನೆಗೆ ಕಾರು ಬಂತು. ಪರವಾಡದ ಔಷಧದ ಕಾರ್ಖಾನೆಗೆ ಶಿಫ್ಟಿನ ಜನರನ್ನು ಹೊತ್ತು ಹೊತ್ತು ಸವೆದ ಡೀಸೆಲ್ ಗಾಡಿ. ಮೀಟರಿನ ಅಂಕಿ ನೋಡಿದವರು ಹುಬ್ಬೇರಿಸುತ್ತಿದ್ದರು. ಅದು ಓಡಿದ ದೂರಕ್ಕೆ ಭೂಮಿಯನ್ನು ಹಲವು ಸುತ್ತು ಹಾಕಬಹುದಿತ್ತು. ಸೀಟಿನಲ್ಲಿ ಇನ್ನೂ ಮಾತ್ರೆಯ ಪುಡಿಯ ಕಹಿ ವಾಸನೆ. ಎಲ್ಲರಂತೆ ನಾವೂ ಗಾಡಿಪೂಜೆಗೆ ಸಿಂಹಾಚಲಕ್ಕೆ ಹೊರಟೆವು. ಬೆಟ್ಟದ ಏರಿನಲ್ಲಿ ಅದು ಕೆಮ್ಮಿತು, ಕಪ್ಪು ಹೊಗೆ ಕಾರಿತು, ಕಡೆಗೆ ನಡೆದು ಹತ್ತುವವರಿಗಿಂತಲೂ ಹಿಂದೆ ಬಿತ್ತು. ಹೆಂಡತಿ ಮಕ್ಕಳನ್ನೆಲ್ಲ ಸ್ಕೂಟರಿನಲ್ಲಿ ಕೂರಿಸಿಕೊಂಡ ಒಬ್ಬ ಮಹಾಶಯ ನಮ್ಮನ್ನು ದಾಟಿ ಹೋಗುವಾಗ ತಿರುಗಿ ನೋಡಿ ಹಲ್ಲು ಬಿಟ್ಟ. ಅವ್ವನೂ ನಾನೂ ಇಳಿದು ನಡೆದೆವು. ಮೇಲೆ ತಲುಪಿದ ಅಪ್ಪ ನಿಂಬೆಹಣ್ಣನ್ನು ಚಕ್ರಕ್ಕಿಡುವ ಮೊದಲೇ ಬಾನೆಟ್ಟು ಎತ್ತಿ ನಿಂತಿದ್ದ.

"ಎಂಜಿನ್ ಚಲೋ ಐತಿ. ಉಸಿರು ಸಾಲವಲ್ದು ಅದಕ್ಕ, ಅಷ್ಟ. ನಾ ಉಸಿರು ಕೊಡ್ತೀನಿ."

ಅವ್ವ ಗುಡಿಯ ಕಡೆ ತಿರುಗಿ ಕೈ ಮುಗಿದಳು. ಅಪ್ಪ ಎಂಜಿನ್ನಿನ ಮೇಲೆ ಕೈ ಹಾಕಿದರೆ ಅದರಲ್ಲಿ ಏನಾದರೊಂದು ಬದಲಾಗದೆ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಪರೀಕ್ಷೆಯ ರೀತಿಯೇ ಬೇರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಹಡಗಿನವರೆಲ್ಲ ಹಾಗೆಯೇ ಕೇಳುತ್ತಾರಂತೆ. ಒಳಗಿನ ಬಡಿತ, ಗುದ್ದು, ಸಡಿಲ ಎಲ್ಲ ಆ ಎಲುಬಿನಿಂದ ಅವನಿಗೆ ತಿಳಿಯುತ್ತಿತ್ತು. ಆ ವಿದ್ಯೆಯಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ. ಅವತ್ತಿನವರೆಗೂ ಅವನ ಕಿವಿಯ ಮರ್ಯಾದೆ ಕಾಪಾಡಿದ್ದು ಆ ಸ್ಕ್ರೂಡ್ರೈವರೇ ಇರಬೇಕು.

ಉಸಿರು ಕೊಡುವ ಸಾಮಾನು ತರಲು ಅವನು ವಿಜಯವಾಡಕ್ಕೆ ಹೋದಾಗ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋದ. ಅವ್ವನ ತಂಗಿ ಶಾಂತಾ ಚಿಗವ್ವ ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸು, ಆಗ ಬಸುರಿ. ಅವಳ ಮನೆಯಲ್ಲಿ ಊಟ ಮುಗಿಸಿ ಆಟೋನಗರಕ್ಕೆ ಹೋದೆವು. ಅಲ್ಲಿಯ ಓಣಿಗಳಲ್ಲಿ ಒಂದೊಂದು ಅಂಗಡಿಗೆ ಒಂದೊಂದು ಅಂಗ: ಇಲ್ಲಿ ಬರೀ ರೇಡಿಯೇಟರು, ಅಲ್ಲಿ ಬರೀ ಗೇರುಪೆಟ್ಟಿಗೆ, ಮುಂದೆ ಬರೀ ಬಾಗಿಲು. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ನಾವು ಹೋದದ್ದು ಟರ್ಬೊ ಅಂಗಡಿಗೆ. ಟರ್ಬೊ ಎಂದರೆ ಬಸವನಹುಳುವಿನ ಚಿಪ್ಪಿನ ಆಕಾರದ ಯಂತ್ರ. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುರುಕುತ್ತದೆ. ನಮ್ಮ ಗಾಡಿಗೆ ಇದ್ದದ್ದು ಸಣ್ಣದು, ಅಪ್ಪನಿಗೆ ಬೇಕಾದದ್ದು ದೊಡ್ಡದು. ಅಂಗಡಿಯವರು ಮೆಲುದನಿಯ ಮನುಷ್ಯ, ಪಾನು ಜಗಿಯುತ್ತ ಬಾಯಿ ಮುಚ್ಚಿಯೇ ಮಾತಾಡುವವರು. ಅಪ್ಪ ಅವರ ಮುಖವನ್ನೇ ನೋಡುತ್ತ ಹೂಂಗುಟ್ಟುತ್ತಿದ್ದ. ಒಂದಕ್ಷರವೂ ಅವನಿಗೆ ದಕ್ಕುತ್ತಿಲ್ಲ ಎಂದು ಗೊತ್ತಾಗಿ ನಾನು ನಡುವೆ ನಿಂತು, ತೆಲುಗು ಬಾರದ ತಂದೆಗೆ ತೆಲುಗು ಹೇಳಿಕೊಡುವ ಮಗಳ ನೆಪದಲ್ಲಿ, ಎಲ್ಲವನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಒಪ್ಪಿಸಿದೆ. ಕಡೆಗೆ ಅವರು ನನ್ನ ಕಡೆ ಬಾಗಿ ಹೇಳಿದರು:

"ಬಂಡಿ ಪಾತದಿ ಕದಮ್ಮಾ. ವಿಜಿಲ್ ಲಾಗಾ ಸೌಂಡ್ ವಸ್ತೇ ವೆಂಟನೇ ಆಪೇಯಮನು ನಾನ್ನನಿ."

ಗಾಡಿ ಹಳೆಯದು, ಸಿಳ್ಳಿನಂಥ ಸದ್ದು ಬಂದರೆ ಕೂಡಲೇ ನಿಲ್ಲಿಸಬೇಕಂತೆ. ಅಪ್ಪನ ಮುಖ ನೋಡಿ, ತುಟಿ ಬಿಡಿಸಿ ಹೇಳಿದೆ.

"ಅಷ್ಟ್ ಗೊತ್ತಾಗೂದಿಲ್ಲೇನು ನನಗ?" ಎಂದು ಅಪ್ಪ ನಕ್ಕು ಟರ್ಬೊವನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡ. ನಾನು ಮಾತ್ರ ರೈಲಿನಲ್ಲಿ ಇಡೀ ದಾರಿ ಆ ಗಂಟನ್ನೇ ನೋಡುತ್ತ ಕುಳಿತಿದ್ದೆ. ಸಿಳ್ಳು ಬಂದರೆ ನಿಲ್ಲಿಸಬೇಕು, ನಿಲ್ಲಿಸಬೇಕಾದವನಿಗೆ ಸಿಳ್ಳು ಕೇಳಿಸುವುದಿಲ್ಲ. ಇದು ಅಂಗಡಿಯವರಿಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು.

ಆಮೇಲಿನ ಭಾನುವಾರಗಳಲ್ಲಿ ನಮ್ಮ ಮನೆ ಗ್ಯಾರೇಜಾಯಿತು. ಮುಂದಿನ ಕೋಣೆಯಲ್ಲಿ ಹಳೇ ಪೇಪರು ಹಾಸಿ ಅದರ ಮೇಲೆ ಬೋಲ್ಟುಗಳು, ಪೈಪುಗಳು, ಹೊಸ ಇಂಜೆಕ್ಟರುಗಳು. ನನ್ನ ಹಾಸಿಗೆ ಟ್ರಂಕುಗಳ ನಡುವೆ ಹೋಯಿತು. ಅವ್ವ ಹೊಸ ಸಾಮಾನೆಂದು ಟರ್ಬೊಗೆ ಕುಂಕುಮ ಹಚ್ಚಲು ಹೋದರೆ ಅಪ್ಪ ಹೌಹಾರಿದ, ಎಣ್ಣೆ ಹೋಗುವ ದಾರಿಗೆ ಪುಡಿ ಬಿದ್ದರೆ ಎಲ್ಲ ಮುಗಿಯಿತು ಎಂದು. ಮರುದಿನ ಅವ್ವ ರೊಟ್ಟಿ ಮಾಡಲು ನೋಡುತ್ತಾಳೆ, ಹಿಟ್ಟು ನಾದುವ ಪರಾತದಲ್ಲಿ ಡೀಸೆಲ್ಲು ತುಂಬಿ ಬೋಲ್ಟು ನೆನೆಹಾಕಿದೆ. ಅವತ್ತಿನ ಜಗಳಕ್ಕೆ ಅಕ್ಕಪಕ್ಕದ ಬಾಗಿಲುಗಳು ತೆರೆದವು.

"ಇದು ನನ್ನ ತವರ ಮನಿ ಪರಾತ ರೀ! ಉಣ್ಣೂ ಪಾತ್ರೆ!"

"ತೊಳದ್ರ ಹೋಗತೈತಿ ಬಿಡು."

"ಎಲ್ಲಾ ತೊಳದ್ರ ಹೋಗೂದಿಲ್ರಿ. ಆ ಗಾಡಿಗೆ ವಯಸ್ಸಾಗೇತಿ. ವಯಸ್ಸಾದದ್ದಕ್ಕ ಒತ್ತಾಯ ಮಾಡಬಾರದು."

"ಎಂಜಿನ್ನಿಗೆ ವಯಸ್ಸ್ ಇರೂದಿಲ್ಲ. ನೋಡ್ಕೊಳ್ಳೂ ಮಂದಿಗೆ ಇರತೈತಿ."

ಅಪ್ಪ ಬೈಯುವವನಲ್ಲ, ಹೊಡೆಯುವವನಂತೂ ಅಲ್ಲವೇ ಅಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ. ಮುಖವನ್ನು ಗೋಡೆಗೆ ತಿರುಗಿಸಿ ಕುಳಿತುಬಿಟ್ಟರೆ ಇತ್ತ ಯಾರು ಏನು ಹೇಳಿದರೂ ಮುಟ್ಟುವಂತಿರಲಿಲ್ಲ. ಅವನು ಬೆನ್ನು ಕೊಟ್ಟನೆಂದರೆ ಮನೆಯೊಳಗೆ ಬಾಗಿಲು ಹಾಕಿಕೊಂಡಂತೆಯೇ. ನನಗೆ ಬೈಗುಳಕ್ಕಿಂತ ಆ ಬೆನ್ನಿನ ಭಯ ಹೆಚ್ಚಾಗಿತ್ತು. ಅವ್ವನಿಗೂ ಹಾಗೆಯೇ. ಪರಾತವನ್ನು ಅವಳೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ಆದರೂ ಬಹಳ ದಿನ ನಮ್ಮ ರೊಟ್ಟಿಯಲ್ಲಿ ಡೀಸೆಲ್ಲಿನ ವಾಸನೆ ಬರುತ್ತಿತ್ತು, ಮೂವರೂ ಅದನ್ನು ಸುಮ್ಮನೆ ತಿನ್ನುತ್ತಿದ್ದೆವು.

ಜೋಡಣೆ ಮುಗಿದ ದಿನ ಬೀಚ್ ರಸ್ತೆಯಲ್ಲಿ ಗಾಡಿ ಓಡಿಸಿದೆವು. ನಿಜ ಹೇಳಬೇಕೆಂದರೆ ಅದು ಹಾರಿತು. ಅಪ್ಪ ಕಾಲು ಒತ್ತಿದರೆ ನಾನು ಸೀಟಿಗೆ ಅಂಟಿಕೊಳ್ಳುತ್ತಿದ್ದೆ. ಸಿಂಹಾಚಲದ ಸ್ಕೂಟರಿನವನು ಎಲ್ಲಿದ್ದಾನೆ ಕರೆಯಿರಿ ಎಂಬ ಹಾಗೆ ಅಪ್ಪನ ಮುಖವೆಲ್ಲ ಬೆಳಗುತ್ತಿತ್ತು. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಹೆಚ್ಚು ಸಲ ಕಂಡಿಲ್ಲ. ಆಗಲೇ ನನಗದು ಕೇಳಿದ್ದು. ಎಂಜಿನ್ನಿನ ಗದ್ದಲದ ಮೇಲೆ ತೆಳ್ಳಗೆ, ಹಲ್ಲು ಕಚ್ಚಿ ಉಸಿರು ಬಿಟ್ಟಂತೆ ಸ್‌ಸ್‌ಸ್ ಎನ್ನುವ ಸದ್ದು. ವೇಗ ಏರಿದರೆ ಅದೂ ಏರುತ್ತಿತ್ತು. ಅಪ್ಪ ಕಾಲು ತೆಗೆದ ಮೇಲೂ ಒಂದಿಷ್ಟು ಹೊತ್ತು ಉಳಿದು, ಆಮೇಲೆ ಕೆಳಗಿಳಿದು ಸಾಯುತ್ತಿತ್ತು. ಮುಂದೆ ಬಾಗಿ ಅಪ್ಪನ ಭುಜ ತಟ್ಟಿದೆ.

"ಅಪ್ಪಾ, ಸಿಳ್ಳಿನಂಗ ಸಪ್ಪಳ ಬರಾಕತ್ತೈತಿ."

ಅಪ್ಪ ತಕ್ಷಣ ಪಕ್ಕಕ್ಕೆ ನಿಲ್ಲಿಸಿದ. ಅದನ್ನು ಅವನ ಪರವಾಗಿ ಹೇಳಲೇಬೇಕು. ಬಾನೆಟ್ಟು ಎತ್ತಿ, ಎಂಜಿನ್ನನ್ನು ಓಡಿಸಿ, ಸ್ಕ್ರೂಡ್ರೈವರನ್ನು ಅಲ್ಲೂ ಇಲ್ಲೂ ಒತ್ತಿ, ಹಿಡಿಯನ್ನು ಎಲುಬಿಗೆ ಹಚ್ಚಿ ಬಹಳ ಹೊತ್ತು ಕೇಳಿದ. ಆ ಸದ್ದು ನನ್ನ ಕಿವಿಯನ್ನು ಸೂಜಿಯಿಂದ ಚುಚ್ಚುತ್ತಿತ್ತು. ಅಪ್ಪನ ಮುಖ ಮಾತ್ರ ನೆಮ್ಮದಿಯಿಂದಿತ್ತು.

"ಏನೂ ಇಲ್ಲಲ್ಲ. ನಿನಗ ಕೇಳಸ್ತೇನು?" ಎಂದು ಅವ್ವನನ್ನು ಕೇಳಿದ.

ನನ್ನ ಪಕ್ಕದಲ್ಲಿ ಕುಳಿತಿದ್ದ ಅವ್ವ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು. "ಗಾಳಿ ಸಪ್ಪಳ ಇರಬೇಕ್ರಿ. ಕಿಡಕಿ ಅರ್ಧ ತಗದೇತಿ."

ಮನೆಗೆ ಬಂದ ಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಆ ಮನೆಯಲ್ಲಿ ಪಿಸುಮಾತಿಗೆ ಬಾಗಿಲು ಹಾಕುವ ಅಗತ್ಯವಿರಲಿಲ್ಲ, ಆದರೂ ಹಾಕಿದಳು.

"ಆ ಸಪ್ಪಳದ ಸುದ್ದಿ ಮತ್ತ ತಗೀಬ್ಯಾಡ."

"ನಿನಗೂ ಕೇಳಿಸ್ತು. ಸಿಳ್ಳು ಬಂದ್ರ ನಿಲ್ಲಸ್ಬೇಕಂತ ಅಂಗಡಿಯವ್ರು ಹೇಳ್ಯಾರ ಅವ್ವಾ."

"ಕೇಳಿಸ್ತು. ಕೇಳಿಲ್ಲಂತ ಅಂದೆನೇನು? ನಮಗಿಬ್ಬರಿಗೂ ಕೇಳಿದ್ದು ಅವರಿಗೆ ಕೇಳೂದಿಲ್ಲಂತ ಗೊತ್ತಾದ್ರ, ಎದಿ ಒಡದು ತಪಾಸಣಿಗೆ ಹೋಗ್ತಾರ. ಗೊತ್ತಿಲ್ಲದಾಂವ ಧೈರ್ಯಲೇ ಹೋಗ್ತಾನ. ಡಾಕ್ಟರ್ ಬಾಯಿ ನೋಡಿ ಹೆಂಗೋ ಪಾಸಾಗ್ತಾರ. ಅದೊಂದು ಮುಗೀಲಿ, ನಾನ ಹೇಳ್ತೀನಿ."

"ಅಷ್ಟ್ರಾಗ ಏನರ ಆದ್ರ?"

ಅವ್ವ ಒಲೆಯ ಕಡೆ ತಿರುಗಿ ಖಾಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಅವಳಿಗೂ ಹೆದರಿಕೆಯಾಗಿದೆ ಎಂದು ತಿಳಿದು ನನ್ನ ಭಯ ಇಮ್ಮಡಿಯಾಯಿತು. ಮಕ್ಕಳು ಹೆದರಿದಾಗ ಹೋಗಿ ಬೀಳುವ ಮಡಿಲೇ ಹೆದರಿದ್ದರೆ ಎಲ್ಲಿಗೆ ಹೋಗಬೇಕು? ಅಪ್ಪ ಕೆಲಸದಿಂದ ಬರುವುದು ತಡವಾದರೆ ನಾನು ಬಾಲ್ಕನಿಯಲ್ಲಿ ನಿಂತು ಆ ತೆಳ್ಳನೆಯ ಸದ್ದಿಗಾಗಿ ಕಾಯುತ್ತಿದ್ದೆ. ಅದು ಗೇಟಿನ ಹತ್ತಿರ ಕೇಳಿಸಿದರೆ ಜೀವ ಬರುತ್ತಿತ್ತು, ಜೊತೆಗೆ ನಿನ್ನೆಗಿಂತ ಇವತ್ತು ಜೋರಾಗಿದೆಯಲ್ಲ ಎಂದು ಜೀವ ಹೋಗುತ್ತಿತ್ತು.

ತಪಾಸಣೆಗೆ ಮೊದಲೇ ಶಾಂತಾ ಚಿಗವ್ವನಿಗೆ ಹೆರಿಗೆಯಾಯಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಅವ್ವನ ತವರಿನಲ್ಲಿ ಒಂದು ಕಲಘಟಗಿ ತೊಟ್ಟಿಲಿತ್ತು. ಅರಗಿನ ಬಣ್ಣದ್ದು, ಹಲಗೆಗಳ ಮೇಲೆ ಕೆಂಪು ಹಳದಿಯಲ್ಲಿ ದೇವರ ಚಿತ್ರಗಳು. ಮನೆಯ ಮಕ್ಕಳೆಲ್ಲ ಅದರಲ್ಲಿಯೇ ಮಲಗಿದವರು. ನಾನು ಹುಟ್ಟಿದಾಗ ನಮ್ಮ ಮನೆಗೆ ಬಂದದ್ದು ಟ್ರಂಕುಗಳ ಹಿಂದೆ ಬಿಚ್ಚಿಟ್ಟು ಕುಳಿತಿತ್ತು. ಈಗ ಅಕ್ಕನ ಮನೆಯಿಂದ ತಂಗಿಯ ಮನೆಗೆ ಹೋಗಬೇಕು. ರೈಲಿನಲ್ಲಿ ಬಣ್ಣ ಉದುರೀತು, ಕಾರಿನಲ್ಲಿಯೇ ಹೋಗೋಣ ಎಂದ ಅಪ್ಪ. ಆಟೋನಗರದಲ್ಲಿ ಕಂಪ್ಯೂಟರು ಹಚ್ಚಿ ಎಂಜಿನ್ನಿನ ಶಕ್ತಿ ಇನ್ನಷ್ಟು ಹೊಂದಿಸುವ ಕೆಲಸವೂ ಆದೀತು ಎಂಬುದು ಅವನ ಲೆಕ್ಕ. ಅವ್ವ ಬಸ್ಸಿಗೆ ಹೋಗೋಣ ಎಂದು ಒಮ್ಮೆ ಅಂದಳು. ಅಪ್ಪನ ಮುಖ ಗೋಡೆಯ ಕಡೆ ತಿರುಗತೊಡಗಿದ್ದನ್ನು ಕಂಡು ಸುಮ್ಮನಾದಳು. ಬೆಳಗಿನ ತಿಂಡಿ ಮುಗಿಸಿ, ತೊಟ್ಟಿಲ ಹಲಗೆಗಳನ್ನು ಹಳೇ ಸೀರೆಯಲ್ಲಿ ಸುತ್ತಿ ನನ್ನ ಪಕ್ಕಕ್ಕಿಟ್ಟುಕೊಂಡು ಹೊರಟೆವು.

ಅನಕಾಪಲ್ಲಿ ದಾಟುವವರೆಗೆ ಸದ್ದು ದಿನದಂತೆಯೇ ಇತ್ತು. ತುನಿಯ ಹತ್ತಿರ ಅದರೊಳಗೆ ಇನ್ನೊಂದು ದನಿ ಸೇರಿತು, ತಗಡಿನ ಮೇಲೆ ಉಗುರು ಎಳೆದಂತೆ. ಅಪ್ಪ ಖುಷಿಯಲ್ಲಿದ್ದ. ಲಾರಿಗಳನ್ನು ಒಂದರ ಹಿಂದೊಂದು ದಾಟುತ್ತ, ಚಿಗವ್ವನ ಮಗುವಿಗೆ ಏನು ಹೆಸರಿಡಬಹುದು ಎಂದು ತನ್ನಷ್ಟಕ್ಕೆ ಹೇಳುತ್ತಿದ್ದ. ನಾನು ಹಿಂದಿನ ಸೀಟಿನಿಂದ ಅವ್ವನ ಕತ್ತನ್ನೇ ನೋಡುತ್ತಿದ್ದೆ. ಅವಳೂ ಕೇಳುತ್ತಿದ್ದಾಳೆ ಎಂದು ಅವಳ ಕತ್ತಿನ ಬಿಗಿಯಿಂದಲೇ ತಿಳಿಯುತ್ತಿತ್ತು. ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಬೇಡ ಎನ್ನುತ್ತಿದ್ದಾಳೋ, ನೀನೇ ಹೇಳು ಎನ್ನುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅನ್ನವರಂ ಬೆಟ್ಟ ಹಿಂದೆ ಬಿದ್ದ ಮೇಲೆ ಆ ಉಗುರಿನ ಸದ್ದು ಒಮ್ಮೆಲೇ ಏರಿತು. ಅವ್ವ ಪೂರ್ತಿ ಅಪ್ಪನ ಕಡೆ ತಿರುಗಿದಳು.

"ಗಾಡಿ ನಿಲ್ಲಸ್ರಿ."

"ಯಾಕ? ವಾಂತಿ ಬರಾಕತ್ತೈತೇನು?"

"ಸಪ್ಪಳ ಆಗಾಕತ್ತೈತ್ರಿ. ಮೊದಲಿಂದ ಐತಿ. ನಿಲ್ಲಸ್ರಿ."

"ನನಗೇನೂ ಕೇಳವಲ್ದಲ್ಲ."

"ನಿಮಗ ಕೇಳೂದಿಲ್ರಿ!"

ಅವ್ವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಅವಳನ್ನೊಮ್ಮೆ ನೋಡಿ, ಎಡಕ್ಕೆ ಹೊರಳಿಸಿ ವೇಗ ಇಳಿಸಿದ. ಚಕ್ರಗಳು ರಸ್ತೆಯಂಚಿನ ಮಣ್ಣಿಗೆ ಇಳಿದಿದ್ದವು, ಅಷ್ಟರಲ್ಲಿ ಮುಂದೆ ಟಪ್ ಎಂದು ಏನೋ ಮುರಿಯಿತು. ಸಿಳ್ಳು ನಿಂತಿತು. ಅದರ ಬದಲು ಎಂಜಿನ್ನು ತಾನಾಗಿಯೇ ಬೊಬ್ಬೆ ಹೊಡೆಯತೊಡಗಿತು. ಅಪ್ಪನ ಕಾಲು ಪೆಡಲಿನ ಮೇಲೆ ಇರಲೇ ಇಲ್ಲ. ಬಿಳಿ ಹೊಗೆ ನಮ್ಮನ್ನೂ ರಸ್ತೆಯನ್ನೂ ನುಂಗಿತು. ಅಪ್ಪ ಬೀಗದ ಕೈ ತಿರುಗಿಸಿ ಹೊರಗೆ ಎಳೆದ. ಕೀಲಿ ಅವನ ಕೈಯಲ್ಲಿತ್ತು, ಎಂಜಿನ್ನು ಓಡುತ್ತಲೇ ಇತ್ತು. ಇನ್ನಷ್ಟು, ಇನ್ನೂ ಇನ್ನಷ್ಟು. ಗೇರಿಗೆ ಹಾಕಿ ಬ್ರೇಕು ಒತ್ತಿ ಅದರ ಉಸಿರು ಕಟ್ಟಲು ನೋಡಿದ. ಹಳೇ ಕ್ಲಚ್ಚು ಹಿಡಿಯಲಿಲ್ಲ, ಕಾರು ಒಮ್ಮೆ ಮುಂದಕ್ಕೆ ಜಿಗಿದು ಸುಟ್ಟ ವಾಸನೆ ಬಂತು.

"ಇಳೀರಿ! ದೂರ ಹೋಗ್ರಿ!"

ಅವ್ವ ನನ್ನನ್ನು ಹೊರಗೆಳೆದಳು. ಟರ್ಬೊ ಒಡೆದು ಅದರ ಎಣ್ಣೆ ಎಂಜಿನ್ನಿನೊಳಗೆ ಹೋಗುತ್ತಿತ್ತಂತೆ, ಸವೆದ ಎಂಜಿನ್ನು ಡೀಸೆಲ್ಲಿನ ಬದಲು ಆ ಎಣ್ಣೆಯನ್ನೇ ಕುಡಿದು ಓಡುತ್ತಿತ್ತಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು, ಅಪ್ಪ ಓಡಿಹೋಗದೆ ಆ ಹೊಗೆಯೊಳಗೇ ಬಾನೆಟ್ಟು ಎತ್ತಿ ನಿಂತದ್ದು. ಅದು ಸಿಡಿಯುತ್ತದೆ, ಅಪ್ಪ ಸಾಯುತ್ತಾನೆ ಎಂದು ನಾನು ಕಿರುಚುತ್ತಿದ್ದೆ. ಗಾಳಿ ಎಳೆಯುವ ಕೊಳವೆಯ ಬಾಯಿಂದ ಅವನು ಫಿಲ್ಟರನ್ನು ಕಿತ್ತೆಸೆದ.

"ಹಲಗಿ! ಹಲಗಿ ಕೊಡು!"

ಅವ್ವ ಮರಳಿ ಕಾರಿನ ಹತ್ತಿರ ಓಡಿದಳು. ಸೀರೆಯ ಸುತ್ತು ಬಿಚ್ಚಲು ಹೋಗದೆ, ಎಳೆದು ಹರಿದು, ತೊಟ್ಟಿಲ ಹಲಗೆಯನ್ನು ಅವನ ಕೈಗಿಟ್ಟಳು. ಅಪ್ಪ ಅದನ್ನು ಕೊಳವೆಯ ಬಾಯಿಗೆ ಅಡ್ಡ ಹಿಡಿದು ಎರಡೂ ಕೈಯಿಂದ ಒತ್ತಿದ. ಹಲಗೆಯನ್ನೇ ಒಳಗೆ ಎಳೆಯುವಂತೆ ಎಂಜಿನ್ನು ಹೂಂಕರಿಸಿತು. ಗಾಳಿ ಸಿಗದೆ ಒದರಿತು, ಕುಲುಕಿತು, ನಿಂತಿತು.

ಲಾರಿಗಳು ಹಾದು ಹೋಗುತ್ತಿದ್ದವು. ಒಬ್ಬ ಬೈಕಿನವನು ನಿಂತು ನೀರಿನ ಬಾಟಲಿ ಕೊಟ್ಟು, ನಮ್ಮ ಮುಖ ನೋಡಿ ಏನೂ ಕೇಳದೆ ಹೋದ. ರಸ್ತೆಯಿಂದ ಆಚೆ ತಾಳೆಮರಗಳ ಕೆಳಗೆ ಕುಳಿತೆವು. ಅಪ್ಪನ ಮುಂಗೈ ಸುಟ್ಟು ಕೆಂಪಾಗಿತ್ತು. ಅವ್ವ ಅದರ ಮೇಲೆ ನೀರು ಸುರಿದಳು, ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ, ಹರಿದ ಸೀರೆಯನ್ನು ಮಡಿಚುತ್ತ, ನಮಗೆ ಬೆನ್ನು ಮಾಡಿ ನಿಂತಳು. ಅಪ್ಪನಿಗೆ ಸಿಟ್ಟು ಬಂದಿದೆ, ಇನ್ನು ಅವನು ಮಾತು ಬಿಡುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ನನ್ನನ್ನು ಹತ್ತಿರ ಕರೆದ. ಅವನ ದನಿ ಮೆತ್ತಗಿತ್ತು, ಕೆಲಸ ಕಲಿಯುವವನ ದನಿ.

"ಬೀಚ್ ರೋಡಿನ್ಯಾಗ ನೀ ಅವತ್ತ ಹೇಳಿದ್ದಿ ನೋಡು. ಎಂಥಾ ಸಪ್ಪಳ ಅದು? ನನಗ ಮಾಡಿ ತೋರ್ಸು."

ನಾನು ಅವನ ಪಕ್ಕದಲ್ಲಿ ಮೊಣಕಾಲೂರಿ, ಹಲ್ಲು ಕಚ್ಚಿ, ನಾಲಿಗೆಯನ್ನು ಹಲ್ಲಿಗೆ ಹಚ್ಚಿ ಆ ಸದ್ದು ಮಾಡಿದೆ. ಅಷ್ಟು ದಿನ ಕೇಳಿದ್ದೆನಲ್ಲ, ಥೇಟು ಹಾಗೆಯೇ ಬಂತು. ಆಚೆ ನಿಂತಿದ್ದ ಅವ್ವ ಬೆಚ್ಚಿ ತಿರುಗಿದಳು. ಅಪ್ಪ ತಲೆ ಬಗ್ಗಿಸಿ, ನೆಲ ನೋಡುತ್ತ, ಕೇಳಲು ತಯಾರಾಗಿ ಕುಳಿತೇ ಇದ್ದ.

"ಹೂಂ, ಮಾಡು."

ನಾನು ಇನ್ನೂ ಹತ್ತಿರ ಸರಿದು, ಅವನ ಕಿವಿಗೇ ಬಾಯಿ ಒಡ್ಡಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಮಾಡಿದೆ. ಅಪ್ಪ ಕಚಗುಳಿಯಾದವನಂತೆ ಕತ್ತು ಹಿಂದೆಗೆದು ಕಿವಿ ಒರೆಸಿಕೊಂಡ. ನನ್ನ ತಲೆ ಸವರಿ ನಕ್ಕ.

"ಬರೇ ಗಾಳಿ ಯಾಕ ಊದಾಕತ್ತಿ? ಹೆದರಬ್ಯಾಡ, ಸಪ್ಪಳ ಮಾಡು."

ನನಗೆ ಅಳು ಬಂತು. ಅವನು ನಟಿಸುತ್ತಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಅವ್ವ ಸೀರೆಯನ್ನು ಅಲ್ಲಿಯೇ ಬಿಟ್ಟು ಬಂದು ಅವನ ಎದುರು ಮಣ್ಣಿನ ಮೇಲೆ ಕುಳಿತಳು. ಅವನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ತನ್ನ ಬಾಯಿ ಕಾಣುವಂತೆ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಹುಡುಗಿ ಸಪ್ಪಳಾನ ಮಾಡಾಕತ್ತಾಳ್ರಿ."